ನಿಂಬೆವ್ವನ ದನಿಯ ಪಾಳಿ

ನಮ್ಮ ಊರಿನಲ್ಲಿ ಮದುವೆ ಗೊತ್ತುಮಾಡುವವರು ಇಬ್ಬರನ್ನು ಕೇಳುತ್ತಾರೆ. ಮೊದಲು ಪಂಚಾಂಗ ನೋಡುವ ಅಯ್ಯನವರನ್ನು, ಆಮೇಲೆ ನನ್ನನ್ನು. ಅಯ್ಯನವರು ಗಳಿಗೆ ಹೇಳುತ್ತಾರೆ, ನಾನು ಅಂಕಿ ಹೇಳುತ್ತೇನೆ. ಅಂಕಿ ಒಂದಕ್ಕಿಂತ ಮೇಲಿದ್ದರೆ ಹಂದರ ಹಾಕುವುದಿಲ್ಲ. ಕೆಳಗಿದ್ದರೆ ನನಗೂ ಒಂದು ಲಗ್ನಪತ್ರಿಕೆ ಕೊಟ್ಟು ಹೋಗುತ್ತಾರೆ.

ಅಂಕಿ ಎಂದರೆ ಇಷ್ಟೇ: ದನಿಜ್ವರ ಬಂದ ಒಬ್ಬರು ಅದನ್ನು ಸರಾಸರಿ ಎಷ್ಟು ಜನಕ್ಕೆ ದಾಟಿಸುತ್ತಿದ್ದಾರೆ ಎನ್ನುವುದು. ಎರಡು ಎಂದರೆ ಒಬ್ಬರಿಂದ ಇಬ್ಬರಿಗೆ, ಆ ಇಬ್ಬರಿಂದ ನಾಲ್ವರಿಗೆ. ಅರ್ಧ ಎಂದರೆ ಇಬ್ಬರು ಸೇರಿ ಒಬ್ಬರಿಗೆ. ಹಾಗಾದರೆ ಜ್ವರ ತಾನಾಗಿ ಆರುತ್ತದೆ. ಪುರಸಭೆಯ ಆರೋಗ್ಯ ಕಚೇರಿಯಲ್ಲಿ ಈ ಲೆಕ್ಕ ಇಡುವವಳು ನಾನು. ಚಳಿಗಾಲದಲ್ಲಿ ದಿನವೂ ಬೆಳಿಗ್ಗೆ ಕಚೇರಿಯ ಹೊರಗಿನ ಕರಿಹಲಗೆಯ ಮೇಲೆ ಅಂಕಿ ಬರೆಯುತ್ತೇನೆ. ಚಹಾದಂಗಡಿಯಲ್ಲಿ ಜನ ಅದನ್ನು ಮಳೆಯ ಸುದ್ದಿ ಕೇಳಿದ ಹಾಗೆ ಕೇಳುತ್ತಾರೆ. "ಇವತ್ತ ಎಷ್ಟಂತ?" "ಒಂದೂಕಾಲು." "ಹಂಗಾರ ಸಂತಿಗೆ ಹೋಗೂದ ಬ್ಯಾಡ ಬಿಡು."

ದನಿಜ್ವರ ಬಂದವರಿಗೆ ಎರಡು ದಿನ ಮೈ ಬಿಸಿಯಾಗುತ್ತದೆ, ಗಂಟಲು ಕೆರೆಯುತ್ತದೆ. ಮೂರನೆಯ ದಿನ, ಯಾರಿಂದ ಜ್ವರ ಬಂತೋ ಅವರ ಬಾಯಲ್ಲಿದ್ದ ದನಿ ಇವರ ಬಾಯಿಗೆ ಬರುತ್ತದೆ. ಮಾತು ಇವರದೇ, ದನಿ ಮಾತ್ರ ಬೇರೆಯವರದು. ಹನ್ನೆರಡು ದಿನದ ಹೊತ್ತಿಗೆ ಹೋಗುತ್ತದೆ. ಚಳಿ ಶುರುವಾದಾಗ ಏಳೆಂಟು ಮಂದಿಗೆ ಯಾರಿಂದಲೂ ಅಲ್ಲದೆ ಜ್ವರ ಬರುತ್ತದೆ. ಅವರ ಸ್ವಂತ ದನಿಗಳೇ ಆ ವರ್ಷ ಬಾಯಿಂದ ಬಾಯಿಗೆ ಊರು ಸುತ್ತುತ್ತವೆ. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ. ಊರಲ್ಲೇ ಹುಟ್ಟಿ ಬೆಳೆದವರಿಗೆ ಹೆಚ್ಚಾಗಿ ಚಿಕ್ಕಂದಿನಲ್ಲೇ ಬಂದು ಹೋಗಿರುತ್ತದೆ. ನನಗೆ ಆರನೆಯ ವಯಸ್ಸಿನಲ್ಲಿ ಅಡತಿ ಅಂಗಡಿಯ ಶೆಟ್ಟರ ದನಿ ಬಂದಿತ್ತು. ಅಷ್ಟು ದಿನ ಮನೆಯಲ್ಲಿ ಎಲ್ಲರೂ ನಾನು ಹೇಳಿದ ಮಾತು ಕೇಳಿದರು. ನಾನು ನೀರು ಬೇಕೆಂದಾಗ ಅಜ್ಜಿ ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳಂತೆ.

ಇದಕ್ಕೊಂದು ರೂಢಿಯಿದೆ. ದನಿ ಬಂದವರು ಆ ದನಿಯ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು ಒಂದು ಮಾತು ಆಡಬೇಕು. ಮನೆಯವರು ಒಳಗೆ ಕರೆದು ಉಣ್ಣಿಸಬೇಕು. ದನಿಯೂಟ ಎನ್ನುತ್ತಾರೆ. ಉಣ್ಣಿಸುವವರಿಗೆ ಜ್ವರ ಆಗಲೇ ಬಂದುಹೋಗಿರುವುದರಿಂದ ಲೆಕ್ಕಕ್ಕೆ ಇದರಿಂದ ತೊಂದರೆ ಇರಲಿಲ್ಲ.

ಭಯ ಇರುವುದು ಕೂಸುಗಳಿಗೆ. ವರ್ಷ ತುಂಬದ ಕೂಸಿನ ಗಂಟಲು ಸಣ್ಣದು. ದೊಡ್ಡವರ ದನಿ ಅದರಲ್ಲಿ ಹಿಡಿಸುವುದಿಲ್ಲ. ಬಾವು ಬಂದು ಉಸಿರು ಕಟ್ಟುತ್ತದೆ. ಅದಕ್ಕೆಂದೇ ಚಳಿ ಶುರುವಾದ ಕೂಡಲೇ ಹಸುಗೂಸಿನ ತಾಯಂದಿರು ಗುಡ್ಡದ ಮೇಲಿನ ಛತ್ರಕ್ಕೆ ಹೋಗುತ್ತಾರೆ. ನಾನು ಹಲಗೆಯ ಮೇಲೆ ಸೊನ್ನೆ ಬರೆದ ಮೇಲೆ ಇಳಿದು ಬರುತ್ತಾರೆ. ಬಹಳ ವರ್ಷ ಅದು ಶಿವರಾತ್ರಿಯ ಆಚೆಗೆ ಹೋದದ್ದಿಲ್ಲ.

ಈ ವರ್ಷ ಶಿವರಾತ್ರಿ ಹೋಯಿತು, ಯುಗಾದಿಯೂ ಹೋಯಿತು, ನನಗೆ ಸೊನ್ನೆ ಬರೆಯಲು ಆಗಲಿಲ್ಲ. ಉಳಿದ ದನಿಗಳೆಲ್ಲ ಆರಿದ್ದವು. ಒಂದು ಉಳಿದಿತ್ತು. ಅದು ನಿಂಬೆವ್ವನ ದನಿ.

ನಿಂಬೆವ್ವ ಬಸ್ ನಿಲ್ದಾಣದ ಎದುರಿನ ಖಾನಾವಳಿಯ ಒಡತಿ. ಗಂಡ ಅಡಿವೆಪ್ಪ ಗಲ್ಲಾದ ಮೇಲೆ ಕೂರುವವನು, ಒಳಗಿನದೆಲ್ಲ ಆಕೆಯದು. ಅಲ್ಲಿ ಉಣ್ಣುವವರು ಹೆಚ್ಚಾಗಿ ಪರಊರಿನಿಂದ ನೌಕರಿಗೆ ಬಂದು ಒಂಟಿಯಾಗಿ ಇರುವವರು: ಬಸ್ಸಿನವರು, ಟಪಾಲಿನವರು, ಮಾಸ್ತರರು, ಕಚೇರಿ ಗುಮಾಸ್ತರು. ಆಕೆಯದು ತುಸು ಒಡಕು ದನಿ. ಮಾತಿನ ಕೊನೆಗೆ ನಗು ಬಂದೇ ಬಿಟ್ಟಿತು ಅನ್ನಿಸಿ ಬರದೆ ಉಳಿಯುತ್ತಿತ್ತು. ಬೇರೆ ಊರಿನಿಂದ ಮದುವೆಯಾಗಿ ಬಂದು ಮೂವತ್ತು ಚಳಿಗಾಲ ಜ್ವರದಿಂದ ತಪ್ಪಿಸಿಕೊಂಡಿದ್ದಳು. ಈ ಸಲ ಆಕೆಗೆ, ಯಾರಿಂದಲೂ ಅಲ್ಲದೆ, ತಾನಾಗಿ ಬಂತು. ಜ್ವರ ಇಳಿದ ಮೇಲೆ ಒಂದು ಮಧ್ಯಾಹ್ನ ಹಿಟ್ಟಿನ ಡಬ್ಬಕ್ಕೆ ಒರಗಿ ಕೂತವಳು ಮತ್ತೆ ಏಳಲಿಲ್ಲ. ಎದೆ ನಿಂತಿತು, ಜ್ವರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ದವಾಖಾನೆಯ ಡಾಕ್ಟರ್ ಕೊಪ್ಪದ ಅವರು ಬರೆದರು. ಅಷ್ಟರಲ್ಲಿ ದನಿ ಒಬ್ಬರಿಗೆ ದಾಟಿತ್ತು.

ನನ್ನ ಕೋಣೆಯ ಗೋಡೆಯ ಮೇಲೆ ಪ್ರತಿ ದನಿಗೂ ಒಂದು ಗಿಡ ಬರೆದುಕೊಳ್ಳುತ್ತೇನೆ. ಯಾರಿಂದ ಯಾರಿಗೆ ಹೋಯಿತು ಎಂಬುದು ಅದರಲ್ಲಿ ಕೊಂಬೆ ಕೊಂಬೆಯಾಗಿ ಕಾಣುತ್ತದೆ. ಗಿಡ ಎಂದೂ ಸಮನಾಗಿ ಬೆಳೆಯುವುದಿಲ್ಲ. ಹತ್ತು ಮಂದಿಯಲ್ಲಿ ಏಳು ಮಂದಿ ಯಾರಿಗೂ ಕೊಡುವುದಿಲ್ಲ, ಇಬ್ಬರು ಒಬ್ಬೊಬ್ಬರಿಗೆ ಕೊಡುತ್ತಾರೆ, ಒಬ್ಬ ಮಾತ್ರ ಮುಂಜಿವೆಗೆ ಹೋಗಿ ಎಂಟು ಜನಕ್ಕೆ ಕೊಟ್ಟು ಬರುತ್ತಾನೆ. ಸರಾಸರಿ ತೆಗೆದರೆ ಒಂದು ಬರುತ್ತದೆ, ಆದರೆ ಆ ಒಂದರೊಳಗೆ ಹಾಗೆ ಏರುಪೇರು ಇರುತ್ತದೆ. ನಿಂಬೆವ್ವನ ಗಿಡದಲ್ಲಿ ಕೊಂಬೆಯೇ ಇರಲಿಲ್ಲ. ಒಬ್ಬರಿಂದ ಒಬ್ಬರಿಗೆ, ಅವರಿಂದ ಇನ್ನೊಬ್ಬರಿಗೆ, ನಾಲ್ಕು ತಿಂಗಳು ನೇರ ಗೆರೆ, ತೂಗುಬಿಟ್ಟ ದಾರದ ಹಾಗೆ. ಎರಡು ಮೂರು ಸಲ ಹಾಗಾದರೆ ಕಾಕತಾಳೀಯ ಅನ್ನಬಹುದು. ಹತ್ತು ಸಲ ಆದರೆ ಅದು ರೋಗ ಅಲ್ಲ, ಯಾರೋ ಮಾಡುತ್ತಿರುವ ಕೆಲಸ.

ಡಾಕ್ಟರಿಗೆ ಹಾಗೆಯೇ ಹೇಳಿದೆ. ಅವರು ಕನ್ನಡಕ ತೆಗೆದು ಗೋಡೆಯ ಹತ್ತಿರ ಹೋಗಿ ನೋಡಿದರು.

"ಬಾಯಾರ, ಛತ್ರದಾಗಿನ ಹೆಣ್ಮಕ್ಕಳು ದಿನಾ ಹೇಳಿ ಕಳಸಾಕತ್ತಾರ, ಎಂದ ಇಳೀಬೇಕು ಅಂತ. ಕೆಲವರು ಹೇಳದ ಕೇಳದ ಇಳದೂ ಬಿಟ್ಟಾರ. ಒಂದ ದನಿ ಆರಸಾಕ ನಿಮಗ ಎಷ್ಟ ದಿನಾ ಬೇಕು?"

"ಆರಸೂದು ನನ್ನ ಕೆಲಸ ಅಲ್ರಿ, ಎಣಸೂದು."

"ಹಂಗಾರ ಹೋಗಿ ಅಲ್ಲೇ ಕುಂತು ಎಣಸಿ ಬರ್ರಿ. ಊಟಾನೂ ಆಗ್ತೈತಿ."

ಮಧ್ಯಾಹ್ನ ಖಾನಾವಳಿಗೆ ಹೋದೆ. ಹಿಂಬದಿಯ ಬಾಗಿಲಿನಿಂದಲೇ ಹೋದೆ, ಕೈ ತೊಳೆಯುವ ನಲ್ಲಿ ಅಲ್ಲಿದೆ. ಅಡುಗೆಮನೆಯಲ್ಲಿ ಹುಲಿಗೆವ್ವ ರೊಟ್ಟಿ ಬಡಿಯುತ್ತಿದ್ದಳು. ನಿಂಬೆವ್ವನ ಕೈಯಲ್ಲಿ ಕೆಲಸ ಕಲಿತವಳು, ಎರಡು ತಿಂಗಳ ಬಾಣಂತಿ, ಗಂಡ ದೂರದ ಕಲ್ಲುಗಣಿಯಲ್ಲಿದ್ದ. ಆಕೆ ಛತ್ರದಲ್ಲಿರಬೇಕಿತ್ತು.

"ಎಂದ ಇಳದ ಬಂದಿ?"

"ಎಂಟ ದಿನಾ ಆತ್ರಿ." ಕೈ ನಿಲ್ಲಿಸಲಿಲ್ಲ. "ಅಲ್ಲಿ ಸುಮ್ನ ಕುಂತ್ರ ಕೂಲಿ ಯಾರ ಕೊಡ್ತಾರ? ಇಲ್ಲಿ ಅಣ್ಣಾರು ಸುಟ್ಟ ರೊಟ್ಟಿ ಹಾಕಿ ಗಿರಾಕಿ ಕಳಕೊಳ್ಳಾಕತ್ತಿದ್ರು."

"ಕೂಸೆಲ್ಲಿ?"

"ಹಿಂದಿನ ಖೋಲ್ಯಾಗ ಮಲಗೈತ್ರಿ. ಪಡಸಾಲಿ ಕಡೆ ತರೂದ ಇಲ್ಲ. ಊರಾಗ ಜ್ವರ ಮುಗದೈತಲ್ರಿ. ಉಳದದ್ದು ಇದೊಂದ ದನಿ, ಅದೂ ನಮ್ಮ ನಿಂಬೆವ್ವಕ್ಕಂದು. ಆಕಿ ನನ್ನ ಕೂಸಿಗೆ ಏನ್ ಮಾಡ್ತಾಳ್ರಿ?"

ಪಡಸಾಲೆಯಲ್ಲಿ ನಿಂಬೆವ್ವನ ದನಿ ಕೇಳುತ್ತಿತ್ತು. ಆಗ ಅದು ಸರ್ವೆ ಕಚೇರಿಯ ಗುಮಾಸ್ತ ಪುರಂದರನ ಬಾಯಲ್ಲಿತ್ತು. ಆತ ದಕ್ಷಿಣದ ಕಡೆಯವನು, ಸಣಕಲು ಮನುಷ್ಯ, ಮೂಗಿನ ಕೆಳಗೆ ಗೆರೆ ಎಳೆದಂಥ ಮೀಸೆ.

"ಆ ಬಾಂದುಕಲ್ಲು ಮೊದಲು ಎಲ್ಲಿತ್ತು ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ," ಎಂದು ಆತ ನಿಂಬೆವ್ವನ ದನಿಯಲ್ಲಿ ಹೇಳುತ್ತಿದ್ದ. "ಹೊಲದವರಿಬ್ಬರೂ ಕೊಡಲಿ ಹಿಡ್ಕೊಂಡು ನಿಂತಿದ್ದಾರೆ."

ಅಡಿವೆಪ್ಪ ಎದುರಿಗೆ ಸ್ಟೂಲಿನ ಮೇಲೆ ಕೂತು ಗಲ್ಲಕ್ಕೆ ಕೈ ಕೊಟ್ಟುಕೊಂಡು ಕೇಳುತ್ತಿದ್ದ. "ಮತ್ತ ಏನ್ ಮಾಡಿದ್ರಿ?"

"ಇಬ್ಬರಿಗೂ ಬೇಡದ ಜಾಗದಲ್ಲಿ ಹೊಸ ಕಲ್ಲು ಹಾಕಿ ಬಂದ್ವಿ."

ಅಡಿವೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನನ್ನನ್ನು ಕಂಡು ಎದ್ದು ಕುರ್ಚಿ ಎಳೆದ. "ಬರ್ರಿ ಬಾಯಾರ, ಕುಂದರ್ರಿ. ಕೇಳಿದ್ರೇನು? ಇದ್ದಾಗ ಆಕಿ ಬಾಯಾಗ ಬರೇ ಉಪ್ಪು, ಹಿಟ್ಟು, ಕಟಗಿ, ಇವ ಮಾತ್ರಿ. ಈಗ ನೋಡ್ರಿ, ಟಪಾಲಂತ, ಡೀಸಲ್ಲಂತ, ಬಾಂದುಕಲ್ಲಂತ. ಸತ್ತ ಮ್ಯಾಲೆ ಬಾಳ ಶಾಣ್ಯಾ ಆಗ್ಯಾಳ."

ಮೇಜಿನ ಸುತ್ತ ಇನ್ನೂ ಐದಾರು ಮಂದಿ ಉಣ್ಣುತ್ತಿದ್ದರು. ಪುರಂದರನ ಪಕ್ಕದಲ್ಲಿ ಬಸ್ ಡ್ರೈವರ್ ಕಾಸೀಮ ಕೂತಿದ್ದ. ಪುರಂದರ ಮಜ್ಜಿಗೆಯನ್ನು ಅರ್ಧ ಕುಡಿದು ಲೋಟವನ್ನು ಕೆಳಗಿಟ್ಟ. ಇಟ್ಟದ್ದು ತನ್ನ ತಟ್ಟೆಯ ಹತ್ತಿರ ಅಲ್ಲ, ಕಾಸೀಮನ ತಟ್ಟೆಯ ಹತ್ತಿರ. ಕಾಸೀಮ ಅದನ್ನು ಎತ್ತಿಕೊಂಡ. ಉಳಿದವರೆಲ್ಲ ಒಮ್ಮೆಲೇ ತಮ್ಮ ತಮ್ಮ ಪಲ್ಯ ನೋಡತೊಡಗಿದರು.

"ಕಾಸೀಮಣ್ಣ, ಅದನ್ನ ಕೆಳಗ ಇಡ್ರಿ," ಎಂದೆ.

"ನೀರಡಿಸೈತ್ರಿ ಬಾಯಾರ."

"ನಿಮ್ಮ ಲೋಟ ತುಂಬೈತಲ್ಲ."

ಕಾಸೀಮ ತನ್ನ ಲೋಟವನ್ನು ಮೊದಲ ಸಲ ಕಂಡವನಂತೆ ನೋಡಿದ. ಪುರಂದರ ಏನೋ ಹೇಳಲು ಬಾಯಿ ತೆರೆದು, ಆ ದನಿಯಲ್ಲಿ ಸುಳ್ಳು ಹೇಳಲಾಗದೆ ಮತ್ತೆ ಮುಚ್ಚಿದ.

"ಪಾಳಿ ನಂದೈತ್ರಿ," ಎಂದ ಕಾಸೀಮ. ಅಡಿವೆಪ್ಪ ನನಗೆ ರೊಟ್ಟಿ ತರಲು ಒಳಗೆ ಹೋಗಿದ್ದ. ಆತ ಕೇಳದ ಹಾಗೆ ಕಾಸೀಮ ದನಿ ತಗ್ಗಿಸಿದ. "ನಿಂಬೆವ್ವಕ್ಕ ಹೋದ ಮ್ಯಾಲೆ ಅಣ್ಣಾರು ಊಟಾ ಬಿಟ್ಟಿದ್ರು. ಊರೆಲ್ಲಾ ಇಲ್ಲಿ ಉಂಡ ಹೋಗೂದು, ಇವರು ಗಲ್ಲಾದ ಮ್ಯಾಲೆ ಹಂಗ ಕುಂದ್ರೂದು. ಒಂದಿನ ಟಪಾಲ ಬಾಬು ಬಾಗಲದಾಗ ನಿಂತು ಆಕಿ ದನ್ಯಾಗ 'ಉಂಡ್ರೇನ್ರಿ' ಅಂದ. ಇವರು ಎದ್ದು ಹೋಗಿ ಎರಡ ರೊಟ್ಟಿ ತಿಂದ್ರು. ನಾವೆಲ್ಲಾ ನೋಡಿದ್ವಿ. ಬಾಬುನ ದನಿ ಹೋದ್ರ ಮತ್ತ ಬಿಡ್ತಾರ ಅಂತ ಹೇಳಿ ಡ್ರಿಲ್ ಮಾಸ್ತರು ಬಾಬುನ ಎಂಜಲಾ ಚಾ ಕುಡದ್ರು. ಹಂಗ ನಡದೈತಿ. ನಾವೆಲ್ಲಾ ಪರಊರಾವ್ರು, ಯಾರಿಗೂ ಮೊದಲ ಜ್ವರ ಬಂದಿಲ್ಲ. ಒಬ್ಬೊಬ್ಬಾವಂದು ಒಂದ ಪಾಳಿ."

"ಎಷ್ಟ ಮಂದಿ ಉಳದೀರಿ?"

"ಏಳು. ಆಮ್ಯಾಲ ಜೂನಿನಾಗ ಹೊಸಾವ್ರು ವರ್ಗಾ ಆಗಿ ಬರ್ತಾರಲ್ರಿ."

ನಾನು ನನ್ನ ಲೆಕ್ಕದಲ್ಲಿ ಒಳಬರುವವರು ಎಂದು ಬರೆಯುವ ಸಾಲನ್ನು ಆತ ವರ್ಗಾವಣೆ ಎನ್ನುತ್ತಿದ್ದ. ತಪ್ಪೇನೂ ಇರಲಿಲ್ಲ. ಜ್ವರ ಬಾರದ ಹೊಸಬರು ಬರುತ್ತ ಹೋದಷ್ಟು ಕಾಲ ಒಂದು ದನಿ ಆರದೆ ಇರಬಲ್ಲದು. ಕಚೇರಿಯಲ್ಲಿ ನಾನು ಆ ಗೆರೆಯ ಮುಂದೆ ಕೂತು ಏನೇನೋ ಕಾರಣ ಹುಡುಕಿದ್ದೆ. ಇದನ್ನು ಮಾತ್ರ ಹುಡುಕಿರಲಿಲ್ಲ. ಒಬ್ಬ ಮನುಷ್ಯ ಎರಡು ರೊಟ್ಟಿ ತಿನ್ನಲಿ ಎಂದು ಒಬ್ಬರ ಹಿಂದೊಬ್ಬರು ಜ್ವರ ತಂದುಕೊಳ್ಳುತ್ತಾರೆ ಎಂಬುದಕ್ಕೆ ನನ್ನ ಸೂತ್ರದಲ್ಲಿ ಜಾಗವಿರಲಿಲ್ಲ.

"ಅಣ್ಣಾರಿಗೆ ಹೇಳಬ್ಯಾಡ್ರಿ," ಎಂದ ಕಾಸೀಮ. "ಅದು ತಾನಾಗೇ ಬರ್ತೈತಿ ಅಂತ ತಿಳದಾರ."

"ಅಣ್ಣಾರಿಗೆ ಗೊತ್ತೈತಿ," ಎಂದ ಅಡಿವೆಪ್ಪ. ರೊಟ್ಟಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದ. "ಮೂವತ್ತ ವರ್ಷ ಗಲ್ಲಾದ ಮ್ಯಾಲೆ ಕುಂತಾವ ನಾ. ಯಾರ ಲೋಟ ಯಾರ ಎತ್ತತಾರ ಅನ್ನೂದು ಕಾಣೂದಿಲ್ಲೇನು? ನೀವು ಮುಚ್ಚಿಡಾಕ ಅಷ್ಟ ಕಷ್ಟಾ ಪಡಾಕತ್ತಿದ್ರಿ. ನಾನೂ ಕಾಣಲಾರದಂಗ ಇದ್ದೆ." ತಟ್ಟೆಯನ್ನು ನನ್ನ ಮುಂದಿಟ್ಟ. "ಬಾಯಾರ, ಇದು ತಪ್ಪಾ?"

ಒಬ್ಬರಿಂದ ಒಬ್ಬರಿಗೇ ದಾಟಿಸುತ್ತೇವೆ ಎಂದು ಎಷ್ಟು ಎಚ್ಚರ ವಹಿಸಿದರೂ ಪ್ರತಿ ಸಲ ಬೇರೆಯವರಿಗೂ ಸೋರುವ ಸಾಧ್ಯತೆ ಒಂದಿಷ್ಟು ಇರುತ್ತದೆ ಎಂದು ನಾನು ವಿವರಿಸಿದೆ. ಕೆಮ್ಮಿನಲ್ಲಿ, ನಲ್ಲಿಯ ಹತ್ತಿರ, ಬಸ್ಸಿನ ಸೀಟಿನಲ್ಲಿ. ನೂರಕ್ಕೆ ಐದು ಅಂತ ಹಿಡಿಯಬಹುದು.

"ಐದ ಅಂದ್ರ ಏನೂ ಇಲ್ಲ ಬಿಡ್ರಿ," ಎಂದ ಕಾಸೀಮ. ಲೋಟ ಇನ್ನೂ ಕೈಯಲ್ಲೇ ಇತ್ತು.

"ಒಂದ ಸಲಕ್ಕ ಐದು. ಹತ್ತ ಸಲಕ್ಕ?"

"ಐವತ್ತು."

"ಸುಮ್ನ ಕೂಡಸಾಕ ಬರೂದಿಲ್ಲ. ಐವತ್ತಲ್ಲ, ನಲವತ್ತು. ಪುರಂದರ ಅವರು ಹತ್ತನೇದವರು."

"ಅಂದ್ರ, ಏನೂ ಆಗಿರಲಿಕ್ಕಿಲ್ಲ ಅನ್ನೂದ ಅರವತ್ತು ಐತಿ?"

"ಐತಿ."

"ಹಂಗಾರ ನಾವು ಅರವತ್ತರಾಗ ಅದೀವಿ," ಎಂದು ಕಾಸೀಮ ಸುತ್ತಲಿನವರನ್ನು ನೋಡಿ ನಕ್ಕ. ಬಸ್ಸು ಹತ್ತಿದ ಮಂದಿಯೆಲ್ಲ ಸುಖವಾಗಿ ಇಳಿಯುತ್ತಾರೆ ಎಂದು ನಂಬಿದ ಡ್ರೈವರನ ನಗು.

ಆಗ ಒಬ್ಬ ಹೆಂಗಸು ಅತ್ತದ್ದು ಕೇಳಿಸಿತು.

ಎಲ್ಲರೂ ಪುರಂದರನ ಕಡೆ ನೋಡಿದೆವು. ಆತನ ಬಾಯಿ ತುಂಬ ರೊಟ್ಟಿ ಇತ್ತು. ಆತನೂ ಅಗಿಯುವುದನ್ನು ನಿಲ್ಲಿಸಿದ. ಅಳು ಮತ್ತೊಮ್ಮೆ ಕೇಳಿತು, ಹಿಂದಿನ ಖೋಲಿಯಿಂದ. ಒಡಕು ದನಿ, ವಯಸ್ಸಾದ ಹೆಂಗಸಿನದು, ಮಾತಿಲ್ಲದ್ದು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ಪುರಂದರ ದಿನವೂ ಊಟದ ಮೇಲೆ ಹಿಂದಿನ ನಲ್ಲಿಯಲ್ಲಿ ಕೈ ತೊಳೆದು ಬಾಯಿ ಮುಕ್ಕಳಿಸುತ್ತಿದ್ದ. ನಲ್ಲಿಯ ನೆತ್ತಿಗೇ ಆ ಖೋಲಿಯ ಕಿಟಕಿ. ತೊಟ್ಟಿಲು ಗಾಳಿಗೆಂದು ಕಿಟಕಿಯ ಪಕ್ಕ ಇತ್ತು.

ಹುಲಿಗೆವ್ವ ಕೂಸನ್ನು ಎತ್ತಿಕೊಂಡು ಪಡಸಾಲೆಗೆ ಬಂದಳು. ಕೈಗೆಲ್ಲ ಹಿಟ್ಟು ಮೆತ್ತಿತ್ತು. ಅಂಗೈಯಗಲದ ಮುಖ, ಅದರೊಳಗಿಂದ ನಿಂಬೆವ್ವ ಅಳುತ್ತಿದ್ದಳು. "ನಿನ್ನೆ ಮೊನ್ನೆ ಮೈ ಬಿಸಿ ಇತ್ರಿ," ಎಂದು ಹುಲಿಗೆವ್ವ ಯಾರಿಗೂ ಅಲ್ಲದ ಹಾಗೆ ಹೇಳಿದಳು. "ಸೂಜಿ ಹಾಕ್ಸಿದ್ದಕ್ಕ ಅಂತ ತಿಳದಿದ್ದೆ." ಆಮೇಲೆ ಅಡಿವೆಪ್ಪನ ಮುಂದೆ ಬಂದು ನಿಂತಳು. "ನಿಮ್ಮ ಹೇಣ್ತಿ ದನಿ ನನ್ನ ಕೂಸಿನ ಗಂಟಲದಾಗ ಐತ್ರಿ. ತಗೀರಿ ಅದನ್ನ."

ಅಡಿವೆಪ್ಪ ಕೈ ಮುಂದೆ ಚಾಚಿದ. ಏನು ಮಾಡಬೇಕೆಂದು ತಿಳಿಯದೆ ಹಾಗೆಯೇ ನಿಂತ. ಕಾಸೀಮ ಎದ್ದು ಹೋಗಿ ಲೋಟದ ಮಜ್ಜಿಗೆಯನ್ನು ಮೋರಿಗೆ ಚೆಲ್ಲಿದ. ಆಮೇಲೆ ಬಸ್ಸಿ‌ನ ಕೀಲಿ ತೆಗೆದುಕೊಂಡು, "ನಡೀರಿ, ದವಾಖಾನಿಗೆ ಬಿಡ್ತೀನಿ," ಎಂದ. ಒಂದು ಕೂಸನ್ನು ಒಯ್ಯಲು ಐವತ್ತು ಸೀಟಿನ ಬಸ್ಸು ಬಂತು.

ದವಾಖಾನೆಯ ಕೊನೆಯ ಕೋಣೆಯಲ್ಲಿ ಕೂಸನ್ನು ಇಟ್ಟರು. ಜ್ವರ ಬಂದುಹೋದವರಿಗೆ ಮಾತ್ರ ಒಳಗೆ ಪ್ರವೇಶ. ಹಾಗಾಗಿ ತಾಯಿ ಇದ್ದಳು, ನಾನು ಹೋಗಿ ಬರುತ್ತಿದ್ದೆ, ಅಡಿವೆಪ್ಪ ಖಾನಾವಳಿಗೆ ಬೀಗ ಹಾಕಿ ಬಂದು ಕೂತ. ಆತನನ್ನು ಯಾರೂ ಕರೆದಿರಲಿಲ್ಲ. ಹಬೆಯ ಪಾತ್ರೆಗೆ ನೀರು ಹಾಕಿ, ಇದ್ದಲಿ ಒಟ್ಟಿ, ತೊಟ್ಟಿಲ ಕಡೆಗೆ ಹಬೆ ಹೋಗುವಂತೆ ಚಾದರ ಹಿಡಿಯಲು ಒಬ್ಬರು ಬೇಕಿತ್ತು. ಆತ ಅದನ್ನು ಹಿಡಿದ. ಹುಲಿಗೆವ್ವ ಬೇಡ ಎನ್ನಲಿಲ್ಲ, ಆದರೆ ಮಾತಾಡಲೂ ಇಲ್ಲ. ನೀರು ಮುಗಿದರೆ ಪಾತ್ರೆಯನ್ನು ಕಾಲಿನಿಂದ ಆತನ ಕಡೆ ಸರಿಸುತ್ತಿದ್ದಳು.

ಕಾಸೀಮ ದಿನಕ್ಕೆ ಎರಡು ಸಲ, ಬಸ್ಸು ಹೋಗುವಾಗ ಮತ್ತು ಬರುವಾಗ, ಕಾಂಪೌಂಡಿನ ಹೊರಗೆ ನಿಲ್ಲಿಸಿ ಇಳಿದು ಬರುತ್ತಿದ್ದ. ಗೇಟಿನ ಹತ್ತಿರ ನನ್ನನ್ನು ಕಂಡರೆ, "ಹ್ಯಾಂಗೈತ್ರಿ?" ಎನ್ನುತ್ತಿದ್ದ. ಪ್ರಯಾಣಿಕರು ಕಿಟಕಿಯಿಂದ ತಲೆ ಹಾಕಿ ಕಾಯುತ್ತಿದ್ದರು, ಯಾರೂ ತಡವಾಯಿತು ಎನ್ನುತ್ತಿರಲಿಲ್ಲ. ಕೆಲವು ದಿನದಲ್ಲಿ ಪುರಂದರನೂ ಬಂದ, ತನ್ನದೇ ಸಣ್ಣ ದನಿಯಲ್ಲಿ ಮಾತಾಡುತ್ತ. ಅಲ್ಲಿಗೆ ನಿಂಬೆವ್ವನ ದನಿ ಉಳಿದದ್ದು ಒಂದೇ ಗಂಟಲಿನಲ್ಲಿ.

ಲೆಕ್ಕದ ಪ್ರಕಾರ ಅಂದಿನಿಂದಲೇ ಹಲಗೆಯ ಮೇಲೆ ಸೊನ್ನೆ ಬರೆಯಬಹುದಿತ್ತು. ಸುತ್ತ ಜ್ವರ ಬಂದುಹೋದವರೇ ಇದ್ದುದರಿಂದ ಕೂಸು ಇನ್ನು ಯಾರಿಗೂ ದಾಟಿಸುವಂತಿರಲಿಲ್ಲ. ಚಹಾದಂಗಡಿಯವರು ಕೇಳಿದರು, ನಾನು ನಾಳೆ ಎಂದೆ.

"ನಿಮ್ಮ ಲೆಕ್ಕ ಏನ್ ಹೇಳ್ತೈತ್ರಿ?" ಎಂದು ಅಡಿವೆಪ್ಪ ಒಂದು ಬೆಳಿಗ್ಗೆ ಕೇಳಿದ. ಹುಲಿಗೆವ್ವ ಬಟ್ಟೆ ಒಗೆಯಲು ಹೋಗಿದ್ದಳು.

"ಈ ವಯಸ್ಸಿನ ಕೂಸುಗಳು ಹತ್ತರಾಗ ಏಳು ಉಳೀತಾವ."

"ಇದು ಏಳರಾಗಿಂದೋ, ಮೂರರಾಗಿಂದೋ?"

"ಅದು ಲೆಕ್ಕಕ್ಕ ತಿಳಿಯೂದಿಲ್ಲ."

ಆತ ತಲೆಯಾಡಿಸಿದ. ಕೂಸು ಅಳುತ್ತಿತ್ತು. ಆತ ಚಾದರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಆಕಿ ಅತ್ತದ್ದು ನಾ ಎಂದೂ ಕೇಳಿದ್ದಿಲ್ರಿ," ಎಂದ. "ನಮಗ ಮಕ್ಕಳಾಗ್ಲಿಲ್ಲ. ಅದಕ್ಕ ಅತ್ತಿರಬೇಕು. ಎಲ್ಲಿ ಅತ್ತಳೋ, ಅಡಗಿ ಮನ್ಯಾಗೋ, ಹಿತ್ತಲದಾಗೋ. ನನ್ನ ಮುಂದ ಅಳ್ಲಿಲ್ಲ. ನಾನೂ ಗಲ್ಲಾದ ಮ್ಯಾಲಿಂದ ಎದ್ದು ಹೋಗಿ ನೋಡ್ಲಿಲ್ಲ. ಈ ನಾಲ್ಕ ತಿಂಗಳಾಗ ಆಕಿ ದನ್ಯಾಗ ಏನೇನೋ ಕೇಳಿದೆ. ಇದು ಒಂದು ಬ್ಯಾಡಾಗಿತ್ತು." ತೊಟ್ಟಿಲ ಕಡೆ ಬಗ್ಗಿ ನೋಡಿ, "ಬ್ಯಾಡಾಗಿತ್ತು ಅಂತೂ ಅನ್ನಾಕ ಬರೂದಿಲ್ಲ ನೋಡ್ರಿ," ಎಂದ.

ಆರನೆಯ ದಿನ ಬೆಳಿಗ್ಗೆ ನಾನು ಹೋದಾಗ ಕೋಣೆಯಲ್ಲಿ ಸದ್ದಿರಲಿಲ್ಲ. ಮಲಗಿದೆ ಎಂದುಕೊಂಡು ಹತ್ತಿರ ಹೋದೆ. ಕೂಸು ಅಳುತ್ತಿತ್ತು. ಬಾಯಿ ಅಗಲವಾಗಿ ತೆರೆದಿತ್ತು, ಮುಖ ಕೆಂಪಾಗಿತ್ತು, ಎದೆಯ ಗೂಡು ಒಳಕ್ಕೆ ಜಗ್ಗುತ್ತಿತ್ತು, ದನಿ ಮಾತ್ರ ಬರುತ್ತಿರಲಿಲ್ಲ. ಡಾಕ್ಟರ್ ಕೊಪ್ಪದ ಅವರು ಕಿವಿಗೆ ಕೊಳವೆ ಹಚ್ಚಿ ಕೇಳುತ್ತಿದ್ದರು. ಬಾವು ಮೇಲಕ್ಕೆ ಏರಿದೆ, ಹಬೆ ನಿಲ್ಲಿಸಬೇಡಿ, ನಾನು ಔಷಧಿ ತರುತ್ತೇನೆ ಎಂದು ಹೇಳಿ ಬೇಗ ಬೇಗ ಹೊರಗೆ ಹೋದರು.

ಅಡಿವೆಪ್ಪ ಚಾದರದ ಒಳಗೆ ತಲೆ ಹಾಕಿದ. "ಅಳವ್ವಾ. ಯಾರ ದನ್ಯಾಗರ ಅಳು."

"ಆಕಿ ದನಿ ಬ್ಯಾಡ," ಎಂದಳು ಹುಲಿಗೆವ್ವ. ಅಷ್ಟು ದಿನದಲ್ಲಿ ಆತನಿಗೆ ಆಡಿದ ಮೊದಲ ಮಾತು ಅದು.

ಆತ ಆಕೆಯನ್ನು ನೋಡಿದ. ಆಮೇಲೆ ಕೂಸಿನ ಮೇಲೆ ಬಗ್ಗಿದ. ಕೂಸಿಗೆ ಹೇಳಿದ್ದಲ್ಲ ಎಂದು ನನಗೆ ತಿಳಿಯಿತು, ಏಕೆಂದರೆ ಆತ ಅಂಗಡಿ ಮುಚ್ಚುವ ಹೊತ್ತಿಗೆ ಒಳಗಿನವರನ್ನು ಕರೆಯುವ ಹಾಗೆ, ಮೆಲ್ಲಗೆ, ಅವಸರವಿಲ್ಲದೆ ಮಾತಾಡಿದ.

"ನಿಂಬಿ. ನಾ ಉಣ್ಣಾಕತ್ತೀನಿ. ದಿನಾ ಉಣ್ತೀನಿ. ಇನ್ನ ಸಾಕ. ಬಿಡು ಕೂಸನ್ನ."

ಹಬೆಯ ಪಾತ್ರೆ ಕೊತಕೊತ ಎನ್ನುತ್ತಿತ್ತು. ಆತ ಆ ಮಾತು ಮುಗಿಸಿ ಚಾದರ ಸರಿಮಾಡಿ ಮತ್ತೆ ಹಿಡಿದು ಕೂತ. ಹುಲಿಗೆವ್ವ ಅದರ ಇನ್ನೊಂದು ತುದಿ ಹಿಡಿದುಕೊಂಡಳು.

ಡಾಕ್ಟರು ಬಂದು ಔಷಧಿಯ ಹನಿ ಹಾಕಿದರು. ಹೊತ್ತು ಏರಿತು. ಹೊರಗೆ ಕಾಸೀಮನ ಬಸ್ಸು ಬಂದು ನಿಂತದ್ದು ಕೇಳಿಸಿತು, ಆದರೆ ಯಾರೂ ಗೇಟಿಗೆ ಹೋಗಲಿಲ್ಲ. ಎದೆಯ ಗೂಡಿನ ಜಗ್ಗಾಟ ಮೊದಲು ನಿಧಾನವಾಯಿತು. ನಿಧಾನವಾಗುವುದು ಎರಡು ಕಾರಣಕ್ಕೆ ಆಗಬಹುದು ಎಂದು ನನಗೆ ಗೊತ್ತಿತ್ತು. ಡಾಕ್ಟರಿಗೂ ಗೊತ್ತಿತ್ತು. ಅವರು ಕೊಳವೆಯನ್ನು ಎದೆಯಿಂದ ತೆಗೆಯಲೇ ಇಲ್ಲ.

ಆಮೇಲೆ ಕೂಸು ಕೆಮ್ಮಿತು. ಉಸಿರು ಎಳೆದುಕೊಂಡು ಅತ್ತಿತು. ತೆಳುವಾದ, ಹರಿತವಾದ, ಸಿಟ್ಟಿನ ದನಿ. ಅದರಲ್ಲಿ ಒಡಕಿರಲಿಲ್ಲ. ಎರಡು ತಿಂಗಳ ಯಾವ ಕೂಸಾದರೂ ಹೀಗೆ ಅಳುತ್ತದೆ.

ಅಡಿವೆಪ್ಪ ಹೇಳಿದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನಾನು ಬರೆಯಲಾರೆ. ಉಳಿಯುವ ಕೂಸುಗಳಲ್ಲಿ ಬಾವು ಆರನೆಯ ದಿನದ ಸುಮಾರಿಗೆ ಇಳಿಯುವುದು ವಾಡಿಕೆ. ಕೊಪ್ಪದ ಅವರೂ ಕೊಳವೆಯನ್ನು ಕೊರಳಿಗೆ ಹಾಕಿಕೊಳ್ಳುತ್ತ ಅದನ್ನೇ ಹೇಳಿದರು. ಹೇಳುವಾಗ ಅವರ ಕನ್ನಡಕ ಪೂರ್ತಿ ಮಂಜಾಗಿತ್ತು, ಹಬೆಗೆ ಇರಬೇಕು.

ಹುಲಿಗೆವ್ವ ಚಾದರ ಬಿಸಾಕಿ ಕೂಸನ್ನು ಎತ್ತಿಕೊಂಡಳು. ಅಳುವ ಕೂಸಿಗೆ ತಾಯಿ ಏನು ಮಾಡುತ್ತಾಳೋ ಅದನ್ನೇ ಮಾಡಲು ಸೆರಗು ಸರಿಸಿದಳು.

"ಇರವ್ವಾ," ಎಂದ ಅಡಿವೆಪ್ಪ. "ಸುಮ್ಮನಿರಸಬ್ಯಾಡ. ಇನ್ನೊಂದ ಸ್ವಲ್ಪ ಅಳ್ಲಿ."

"ಹಸದೈತ್ರಿ ಅದು."

"ಗೊತ್ತೈತಿ. ಎಂಟ ದಿನಾ ನಮ್ಮ ಮನ್ಯಾಗ ಇತ್ತು. ಮುಂದ ಕುಂತು ನಾ ಬ್ಯಾರೆ ದನಿ ಕೇಳ್ಕೋತ ಇದ್ದೆ. ಇದರ ದನಿ ಹ್ಯಾಂಗೈತಿ ಅಂತ ಒಂದ ದಿನಾನೂ ಕೇಳ್ಲಿಲ್ಲ."

ಹುಲಿಗೆವ್ವ ಆತನ ಮುಖ ನೋಡಿದಳು. ಸೆರಗನ್ನು ಬಿಟ್ಟಳು. ಕಾಲು ಝಾಡಿಸುತ್ತ, ಮುಷ್ಟಿ ಬಿಗಿದು, ನಮ್ಮ ಯಾರ ಹಂಗೂ ಇಲ್ಲದೆ ಅಳುತ್ತಿದ್ದ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಆತನ ಕಿವಿಯ ಹತ್ತಿರ ಹಿಡಿದಳು.